ನಾಲ್ಕು ಚೀಟಿಗಳನ್ನು ಒಟ್ಟಿಗಿಟ್ಟು ಓದು

ಮಗಳೇ,

ನಿನಗೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಆದೇಶ ಬಂತು, ಅದೂ ಅರಸೀಕೆರೆ ಕಡೆಗೇ ಬಂತು ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ನಾನು ಮೂವತ್ತೆರಡು ವರ್ಷ ದುಡಿದ ಸೀಮೆ ಅದು. ಅಲ್ಲಿಯ ಮಣ್ಣು, ತೆಂಗು, ಜನರ ಮಾತಿನ ಗತ್ತು ಎಲ್ಲ ಕಣ್ಣ ಮುಂದೆ ಬಂತು. ಪ್ರಸೂತಿ, ಲಸಿಕೆ, ನಾಯಿ ಕಡಿತ, ಹಾವು ಕಡಿತ ಇವನ್ನೆಲ್ಲ ನಿನಗೆ ಇನ್ನೊಬ್ಬರು ಕಲಿಸಿಯಾರು. ನಾನು ಹೇಳುವುದು ಒಂದೇ ವಿಷಯ. ಆ ಒಂದನ್ನು ನಾನು ತಡವಾಗಿ ಕಲಿತೆ. ನೀನು ಮೊದಲ ದಿನದಿಂದಲೇ ಮಾಡು ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

2025ರ ಮುಂಗಾರಿನ ದಿನಗಳು ನಿನಗೆ ನೆನಪಿರಬೇಕು. ಹಾಸನ ಜಿಲ್ಲೆಯಲ್ಲಿ ಎಳೆ ವಯಸ್ಸಿನವರು ಎದೆ ಹಿಡಿದುಕೊಂಡು ಕುಸಿದರು ಎಂಬ ಸುದ್ದಿ ಒಂದರ ಹಿಂದೆ ಒಂದು ಬಂತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಿನ ಜಾವಕ್ಕೇ ಜನ ಸಾಲುಗಟ್ಟಿದರು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ನಮ್ಮನ್ನು ಬಿಟ್ಟು ಹೋದಾಗಲೂ ಹೀಗೇ ಆಗಿತ್ತು. ಜನ ಹೆದರಿದ್ದು ತಪ್ಪಲ್ಲ. ಆದರೆ ಹೆದರಿಕೆ ಎಷ್ಟು ದಿನ ಉಳಿಯುತ್ತದೆ? ಒಂದು ಇಸಿಜಿ ತೆಗೆಸಿಕೊಂಡು, ‘ನಾರ್ಮಲ್’ ಎಂಬ ಮಾತು ಕೇಳಿಕೊಂಡು, ಬಸ್ ಹತ್ತುವಷ್ಟರಲ್ಲಿ ಅದು ಮುಗಿದಿರುತ್ತದೆ. ಇಸಿಜಿ ಹೇಳುವುದು ಆ ಗಳಿಗೆಯ ಹೃದಯದ ಸಮಾಚಾರ. ಹತ್ತು ವರ್ಷದ ಮಾತು ಅದಕ್ಕೆ ಗೊತ್ತಿಲ್ಲ. ಆಗ ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ಹೊಸ ನಿಗೂಢ ರೋಗ ಯಾವುದೂ ಅವರಿಗೆ ಸಿಗಲಿಲ್ಲ. ಸಿಕ್ಕಿದ್ದು ಹಳೆಯ ಪರಿಚಿತರೇ: ಬಿಪಿ, ಸಕ್ಕರೆ, ಹೊಗೆ, ಬೊಜ್ಜು, ಮನೆತನದಲ್ಲಿ ಬಂದ ಹೃದ್ರೋಗ.

ಈ ಹಳೆಯ ಪರಿಚಿತರನ್ನು ಒಬ್ಬೊಬ್ಬರನ್ನಾಗಿ ನೋಡಿ ಮೋಸ ಹೋದವಳು ನಾನು. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಒಬ್ಬ ಮೇಷ್ಟ್ರು ಇದ್ದರು. ಹೆಸರು ಬೇಡ. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು, ಅಚ್ಚುಕಟ್ಟಿನ ಮನುಷ್ಯ. 1998ರಲ್ಲಿ ಕೆಮ್ಮು ಎಂದು ಬಂದರು, ವಯಸ್ಸು ನಲವತ್ತಮೂರು. ಬಿಪಿ 142/92. ‘ಉಪ್ಪು ಕಡಿಮೆ ಮಾಡಿ ಮೇಷ್ಟ್ರೇ’ ಅಂದೆ. ಎರಡು ವರ್ಷದ ಮೇಲೆ ಕಾಲಿನ ಗಾಯ ಬೇಗ ಮಾಯುತ್ತಿಲ್ಲವೆಂದು ಬಂದರು. ಊಟವಾದ ಮೇಲೆ ನೋಡಿದ ಸಕ್ಕರೆ 168. ‘ಸಿಹಿ ಸ್ವಲ್ಪ ನೋಡಿಕೊಳ್ಳಿ’ ಅಂದೆ. 2002ರಲ್ಲಿ ಯಾವುದೋ ಶಿಬಿರದಲ್ಲಿ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿ, ಒಟ್ಟು ಕೊಲೆಸ್ಟ್ರಾಲ್ 228 ಎಂಬ ಚೀಟಿ ತಂದು ತೋರಿಸಿದರು. ‘ಕರಿದದ್ದು ಬಿಡಿ’ ಅಂದೆ. ಮರುವರ್ಷ ಜ್ವರಕ್ಕೆ ಬಂದಾಗ ಅಂಗಿಯಲ್ಲಿ ಸಿಗರೇಟಿನ ವಾಸನೆ ಇತ್ತು. ದಿನಕ್ಕೆ ಎಷ್ಟು ಎಂದೆ. ಆರು ಅಂದರು. ‘ನಮ್ಮಪ್ಪನೂ ಸೇದುತ್ತಿದ್ದರು, ಐವತ್ತಕ್ಕೇ ಎದೆನೋವು ಬಂದು ಹೋದರು’ ಅಂತಲೂ ಅಂದರು. ಆ ಮಾತನ್ನು ನಾನು ಚೀಟಿಯಲ್ಲಿ ಬರೆಯಲೇ ಇಲ್ಲ.

2004ರಲ್ಲಿ, ನಲವತ್ತೊಂಬತ್ತನೇ ವಯಸ್ಸಿಗೆ, ಶಾಲೆಗೆ ಹೊರಟವರು ಬಸ್ ನಿಲ್ದಾಣದಲ್ಲೇ ಕುಸಿದರು. ಆಸ್ಪತ್ರೆಗೆ ತರುವ ಹೊತ್ತಿಗೆ ಮುಗಿದಿತ್ತು.

ಹದಿನೈದು ದಿನದ ಮೇಲೆ ಅವರ ಹೆಂಡತಿ ಒಂದು ಪ್ಲಾಸ್ಟಿಕ್ ಕವರ್ ಹಿಡಿದು ಬಂದರು. ಮೇಷ್ಟ್ರು ನಾನು ಬರೆದ ನಾಲ್ಕು ಚೀಟಿಗಳನ್ನೂ ತಾರೀಖಿನ ಪ್ರಕಾರ ಜೋಡಿಸಿಟ್ಟಿದ್ದರು. ಆಕೆ ಅವನ್ನು ನನ್ನ ಮೇಜಿನ ಮೇಲೆ ಹರಡಿ ಕೇಳಿದರು: ‘ಡಾಕ್ಟ್ರಮ್ಮ, ಇದರಲ್ಲಿ ಯಾವುದರಿಂದ ಆಯ್ತು?’

ಕೋಪದಿಂದ ಕೇಳಿದ್ದಲ್ಲ, ಮಗಳೇ. ತಿಳಿದುಕೊಳ್ಳಬೇಕೆಂದೇ ಕೇಳಿದರು. ನಾನು ಆ ನಾಲ್ಕು ಚೀಟಿಗಳನ್ನು ಒಂದೇ ಸಲಕ್ಕೆ ನೋಡಿದ್ದು ಅದೇ ಮೊದಲು. ಒಂದೊಂದರಲ್ಲೂ ಹೆದರುವಂಥದ್ದು ಏನೂ ಇರಲಿಲ್ಲ. ಒಟ್ಟಿಗೆ ನೋಡಿದರೆ, ಯಾರು ಬೇಕಾದರೂ ಹೆದರಬೇಕಿತ್ತು. ಒಂದೇ ಕೈಬರಹ, ಒಂದೇ ಮನುಷ್ಯ, ಆರು ವರ್ಷ. ಕೂಡಿಸಿ ನೋಡುವ ಕೆಲಸ ಗಣಿತದ ಮೇಷ್ಟ್ರದ್ದಲ್ಲ, ನನ್ನದು. ನಾನು ಮಾಡಲಿಲ್ಲ.

ಈಗ ಬರುತ್ತಿರುವ ಹೊಸ ಮಾರ್ಗಸೂಚಿಗಳನ್ನು ಓದುವಾಗ ನನಗೆ ಮತ್ತೆ ಮತ್ತೆ ಆ ಮೇಜು ನೆನಪಾಗುತ್ತದೆ. ಅವು ಹೇಳುವುದೆಲ್ಲ ಕಡೆಗೆ ಇದನ್ನೇ. ಬಿಪಿಯನ್ನು ಬಿಪಿಯೆಂದು, ಕೊಬ್ಬನ್ನು ಕೊಬ್ಬೆಂದು ಬೇರೆ ಬೇರೆ ನೋಡಬೇಡ. ಎದುರಿಗೆ ಕೂತ ಮನುಷ್ಯನಿಗೆ ಮುಂದಿನ ಹತ್ತು ವರ್ಷದಲ್ಲಿ, ಮೂವತ್ತು ವರ್ಷದಲ್ಲಿ, ಹೃದಯಾಘಾತವೋ ಲಕ್ವವೋ ಹೊಡೆಯುವ ಸಂಭವ ಒಟ್ಟು ಎಷ್ಟು ಎಂದು ಲೆಕ್ಕ ಹಾಕು. ಆಮೇಲೆ ಔಷಧದ ಮಾತು.

ಈ ಲೆಕ್ಕ ಶುರುವಾದದ್ದು ಅಮೆರಿಕದ ಮ್ಯಾಸಚೂಸೆಟ್ಸಿನ ಫ್ರಾಮಿಂಗ್‌ಹ್ಯಾಮ್ ಎಂಬ ಊರಲ್ಲಿ. 1948ರಿಂದ ಅಲ್ಲಿಯ 5,209 ಮಂದಿಯನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ್ದರಿಂದಲೇ ಬಿಪಿ, ಕೊಲೆಸ್ಟ್ರಾಲ್, ಸಿಗರೇಟು ಹೃದಯಕ್ಕೆ ಎರವಾಗುತ್ತವೆ ಎಂದು ಗಟ್ಟಿಯಾಗಿ ಗೊತ್ತಾದದ್ದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಲೋಕವನ್ನು 21 ವಲಯಗಳಾಗಿ ಮಾಡಿ, ದಕ್ಷಿಣ ಏಷ್ಯಾಕ್ಕೆ ಬೇರೆಯದೇ ಅಪಾಯದ ಪಟ್ಟಿ ಕೊಟ್ಟಿತು. ಹಸಿರು, ಹಳದಿ, ಕಿತ್ತಳೆ, ಕೆಂಪು ಚೌಕಗಳ ಪಟ್ಟಿ. ಕೊಲೆಸ್ಟ್ರಾಲ್ ಪರೀಕ್ಷೆ ಸಿಗದ ಕಡೆ ತೂಕ, ಎತ್ತರ ಹಿಡಿದು ನೋಡುವ ಪಟ್ಟಿಯೂ ಅದರಲ್ಲಿದೆ. ನಿನ್ನ ಕೇಂದ್ರದಲ್ಲಿ ಇರದಿದ್ದರೆ ಮುದ್ರಿಸಿ ಗೋಡೆಗೆ ಹಚ್ಚು. 2023ರಲ್ಲಿ ಅಮೆರಿಕದ ಹಾರ್ಟ್ ಅಸೋಸಿಯೇಷನ್ ‘ಪ್ರಿವೆಂಟ್’ ಎಂಬ ಹೊಸ ಸೂತ್ರ ತಂದಿತು. 65 ಲಕ್ಷಕ್ಕೂ ಹೆಚ್ಚು ಜನರ ದಾಖಲೆಯ ಮೇಲೆ ಕಟ್ಟಿದ್ದು. ಇದರಲ್ಲಿ ಮೂತ್ರಪಿಂಡದ ಕೆಲಸವೂ ಲೆಕ್ಕಕ್ಕೆ ಬರುತ್ತದೆ, ಹೃದಯ ಸೋಲುವ ಸಂಭವವೂ ಬರುತ್ತದೆ. ಮೂವತ್ತರಿಂದ ಐವತ್ತೊಂಬತ್ತರೊಳಗಿನವರಿಗೆ ಮುಂದಿನ ಮೂವತ್ತು ವರ್ಷದ ಅಂದಾಜನ್ನೂ ಕೊಡುತ್ತದೆ.

ಈ ಮೂವತ್ತು ವರ್ಷದ ಅಂದಾಜು ಯಾಕೆ ಮುಖ್ಯ ಎಂದು ನೋಡು. ಹತ್ತು ವರ್ಷದ ಲೆಕ್ಕದಲ್ಲಿ ವಯಸ್ಸೇ ಎಲ್ಲವನ್ನೂ ನುಂಗಿಬಿಡುತ್ತದೆ. ಮೂವತ್ತೈದರ ಹುಡುಗ ದಿನಕ್ಕೊಂದು ಪ್ಯಾಕ್ ಸೇದಲಿ, ಬಿಪಿ ಏರಿರಲಿ, ಸೂತ್ರಕ್ಕೆ ಹಾಕಿದರೆ ಅಪಾಯ ಕಡಿಮೆ ಎಂದೇ ಬರುತ್ತದೆ, ವಯಸ್ಸು ಚಿಕ್ಕದಲ್ಲವೆ. ‘ನಿನಗೇನೂ ಇಲ್ಲ ಹೋಗಪ್ಪ’ ಎಂದು ಕಳಿಸಿಬಿಡುತ್ತೇವೆ. ಅವನು ಅರವತ್ತೈದರ ಹೊತ್ತಿಗೆ ಎಲ್ಲಿರುತ್ತಾನೆ ಎಂದು ಮೂವತ್ತು ವರ್ಷದ ಲೆಕ್ಕ ತೋರಿಸುತ್ತದೆ. ಎಳೆಯರ ಮುಂದೆ ಎರಡನ್ನೂ ಇಡು.

ನಮ್ಮವರ ವಿಷಯದಲ್ಲಿ ಇನ್ನೊಂದು ತೂಕ ಸೇರಿಸಲೇಬೇಕು. ಸಲೀಂ ಯೂಸುಫ್ ಮುಂದಾಳತ್ವದಲ್ಲಿ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಹೊರಬಂತು. ನಮ್ಮ ಉಪಖಂಡದವರಿಗೆ ಮೊದಲ ಹೃದಯಾಘಾತ ಬರುವ ಸರಾಸರಿ ವಯಸ್ಸು 53, ಮಿಕ್ಕವರಿಗೆ ಸುಮಾರು 59 ಎಂದು ಆ ಅಧ್ಯಯನದಿಂದಲೇ ಆಮೇಲೆ ತಿಳಿಯಿತು. ಆರು ವರ್ಷ ಎಂದರೆ ಮಕ್ಕಳ ಓದು ಮುಗಿಯುವ, ಮನೆಯ ಸಾಲ ತೀರುವ ಕಾಲ. ನ್ಯೂಜಿಲೆಂಡ್ 2018ರಲ್ಲಿ ತನ್ನ ವೈದ್ಯರಿಗೆ ಕೊಟ್ಟ ಸೂಚನೆಯಲ್ಲಿ ದಕ್ಷಿಣ ಏಷ್ಯಾ ಮೂಲದ ಗಂಡಸರನ್ನು 30ಕ್ಕೆ, ಹೆಂಗಸರನ್ನು 40ಕ್ಕೆ ಕರೆದು ಈ ಲೆಕ್ಕ ಹಾಕಿ ಎಂದಿದೆ. ಅಪಾಯದ ಗುರುತು ಏನೂ ಇಲ್ಲದ ಬೇರೆಯವರಿಗೆ ಅಲ್ಲಿ 45 ಮತ್ತು 55. ಆಕ್ಲೆಂಡಿನಲ್ಲಿ ಕೆಲಸ ಹಿಡಿದ ಕನ್ನಡದ ಹುಡುಗನನ್ನು ಅಲ್ಲಿಯ ವೈದ್ಯರು ಮೂವತ್ತಕ್ಕೇ ಕೂರಿಸಿಕೊಂಡು ಲೆಕ್ಕ ಹಾಕುತ್ತಾರೆ. ಅವನ ಅಣ್ಣ ನಿನ್ನ ಹೋಬಳಿಯಲ್ಲಿ ತೋಟ ನೋಡಿಕೊಂಡಿದ್ದಾನೆ. ಅದೇ ರಕ್ತ, ಅದೇ ಅಪ್ಪ ಅಮ್ಮ. ಅವನನ್ನು ಯಾರು ಕರೆದು ಕೂರಿಸಬೇಕು, ಹೇಳು? ನಮ್ಮ ಸರ್ಕಾರಿ ಕಾರ್ಯಕ್ರಮದಲ್ಲೂ ಮೂವತ್ತಾದವರ ಬಿಪಿ, ಸಕ್ಕರೆ ನೋಡಬೇಕೆಂದಿದೆ, ಆಶಾ ಕಾರ್ಯಕರ್ತೆಯರು ಮನೆ ಮನೆಗೂ ಹೋಗುತ್ತಾರೆ. ನೋಡಿದ ಅಂಕಿ ರಿಜಿಸ್ಟರಿನಲ್ಲಿ ಮಲಗಿಬಿಡುತ್ತದೆ. ಕೂಡಿಸುವುದು ನಿನ್ನ ಕೆಲಸ.

ಬಿಪಿ ನೋಡುವ ಮಾತಿಗೆ ಬರುತ್ತೇನೆ. ಸಣ್ಣ ವಿಷಯ ಅನ್ನಬೇಡ. ತಪ್ಪು ಅಂಕಿಯ ಮೇಲೆ ಎಂಥ ಸೂತ್ರ ಹೂಡಿದರೂ ಉತ್ತರ ತಪ್ಪೇ. ಒಪಿಡಿಯಲ್ಲಿ ನೂರು ಜನ ಕಾಯುತ್ತಿರುತ್ತಾರೆ. ನಡೆದು ಬಂದ ಏದುಸಿರಿನಲ್ಲೇ, ಶರ್ಟಿನ ತೋಳಿನ ಮೇಲೇ ಪಟ್ಟಿ ಸುತ್ತಿ, ಮಾತಾಡಿಸುತ್ತಲೇ ಗಾಳಿ ಹಾಕಿಬಿಡುತ್ತೇವೆ. ಹಾಗೆ ಮಾಡಬೇಡ. ಐದು ನಿಮಿಷ ಸುಮ್ಮನೆ ಕೂರಿಸು. ಬೆನ್ನಿಗೆ ಆನಿಕೆ ಇರಲಿ, ಪಾದ ನೆಲದ ಮೇಲಿರಲಿ, ಕಾಲ ಮೇಲೆ ಕಾಲು ಬೇಡ. ತೋಳು ಬರಿದಾಗಿ, ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಅರ್ಧ ಗಂಟೆಯೊಳಗೆ ಕಾಫಿ, ಬೀಡಿ ಆಗಿದ್ದರೆ ಕಾಯಿಸು. ಮೂತ್ರ ತಡೆದುಕೊಂಡಿದ್ದರೆ ಹೋಗಿಬರಲಿ. ದಪ್ಪ ತೋಳಿಗೆ ದೊಡ್ಡ ಪಟ್ಟಿಯೇ ಬೇಕು, ಸಣ್ಣದು ಕಟ್ಟಿದರೆ ಇಲ್ಲದ ಬಿಪಿ ಇದೆ ಎಂದು ತೋರಿಸುತ್ತದೆ. ಮೊದಲ ಸಲ ಎರಡೂ ಕೈ ನೋಡು. ಎರಡು ನಿಮಿಷ ಬಿಟ್ಟು ಮತ್ತೊಮ್ಮೆ ನೋಡು. ಹೊರಗೆ ಬೆಂಚಿನ ಮೇಲೆ ಕಾಯುವ ಐದು ನಿಮಿಷವನ್ನೇ ಈ ಕೂರುವ ಐದು ನಿಮಿಷವಾಗಿ ಮಾಡಿಕೊಂಡರೆ ನಿನಗೆ ಹೊತ್ತು ಹಾಳಾಗುವುದಿಲ್ಲ. ನರ್ಸ್‌ಗೆ ಒಂದು ಸಲ ಪ್ರೀತಿಯಿಂದ ಹೇಳಿಕೊಡು, ಅವರು ನಿನಗಿಂತ ಚೆನ್ನಾಗಿ ಮಾಡುತ್ತಾರೆ.

ಆಸ್ಪತ್ರೆ ಕಂಡರೆ ಬಿಪಿ ಏರುವವರು ಬಹಳ. ಬಿಳಿ ಕೋಟು ಕಂಡಾಗ ಸರಿಯಿದ್ದು ಮನೆಯಲ್ಲಿ ಏರುವವರೂ ಇದ್ದಾರೆ, ಇವರು ಹೆಚ್ಚು ಅಪಾಯದವರು. ಅದಕ್ಕೇ ಈಗ ಮನೆಯಲ್ಲಿ ನೋಡಿಕೊಂಡ ಅಂಕಿಗೆ ಬೆಲೆ ಬಂದಿದೆ. ತೋಳಿಗೆ ಕಟ್ಟುವ ಯಂತ್ರ ಇರಲಿ, ಮಣಿಕಟ್ಟಿನದು ಬೇಡ. ಒಂದು ವಾರ, ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ ಬರೆದು ತರಲಿ. ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆ. ಮನೆಯಲ್ಲಿ 135/85 ದಾಟಿದರೆ ಅದು ಬಿಪಿಯೇ.

ಇನ್ನು ಯಾವ ಅಂಕಿಗೆ ಮಾತ್ರೆ ಎಂಬ ಪ್ರಶ್ನೆ. ನಮ್ಮಲ್ಲಿ 140/90 ಎಂಬ ಗೆರೆ ಇದೆ. 2025ರಲ್ಲಿ ಅಮೆರಿಕದವರು ಕೊಟ್ಟ ಸೂಚನೆ ಹೀಗೆ: 130/80 ದಾಟಿದವನ ಹತ್ತು ವರ್ಷದ ಅಪಾಯ ನೂರಕ್ಕೆ ಏಳೂವರೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮಾತ್ರೆ ಶುರು ಮಾಡು, ಕಡಿಮೆಯಿದ್ದರೆ ಮೂರರಿಂದ ಆರು ತಿಂಗಳು ಊಟ, ಉಪ್ಪು, ನಡಿಗೆಯಿಂದ ನೋಡು, ಆಗಲೂ ಇಳಿಯದಿದ್ದರೆ ಮಾತ್ರೆ. ಅಂಕಿಗಳ ಈ ಏರಿಳಿತವನ್ನು ಕಂಡು ಕೆಲವರು ‘ಡಾಕ್ಟರುಗಳು ದಿನಕ್ಕೊಂದು ಹೇಳುತ್ತಾರೆ’ ಅನ್ನುತ್ತಾರೆ. ಹಾಗಲ್ಲ. ಒಂದೇ 134 ಇಬ್ಬರಲ್ಲಿ ಎರಡು ಅರ್ಥ ಕೊಡುತ್ತದೆ ಎಂಬುದನ್ನು ಲೋಕ ಕಡೆಗೂ ಒಪ್ಪಿಕೊಂಡಿದೆ. ಸಕ್ಕರೆ ಇರುವ, ಸೇದುವ ನಲವತ್ತೆಂಟರ ಗಂಡಸಿನ 134 ಬೇರೆ, ಏನೂ ಇಲ್ಲದ ಇಪ್ಪತ್ತೆಂಟರ ಹುಡುಗಿಯ 134 ಬೇರೆ. ನನ್ನ ಮೇಷ್ಟ್ರ 142 ಅನ್ನು ನಾನು ಆ ಹುಡುಗಿಯದ್ದು ಎಂಬಂತೆ ಓದಿದ್ದೆ.

ಕೊಲೆಸ್ಟ್ರಾಲ್ ವಿಷಯಕ್ಕೆ ನಮ್ಮ ದೇಶದ್ದೇ ದಾರಿದೀಪ ಬಂದಿದೆ. ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ 2024ರ ಜುಲೈನಲ್ಲಿ ತನ್ನ ಮೊದಲ ಮಾರ್ಗಸೂಚಿ ಕೊಟ್ಟಿತು. ಅದರಲ್ಲಿ ನಿನಗೆ ಬೇಕಾದ ಮಾತುಗಳು ಕೆಲವೇ. ಹದಿನೆಂಟು ವಯಸ್ಸಿಗೆ ಒಂದು ಸಲ ಪರೀಕ್ಷೆ ಆಗಲಿ, ಮನೆಯಲ್ಲಿ ಎಳೆಯರಿಗೆ ಹೃದಯಾಘಾತ ಆಗಿದ್ದರೆ ಅದಕ್ಕೂ ಮೊದಲೇ ಆಗಲಿ. ಉಪವಾಸ ಬೇಕಿಲ್ಲ, ಉಂಡು ಬಂದರೂ ನಡೆಯುತ್ತದೆ. ಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುವವರಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂದು ನಿನಗೇ ಗೊತ್ತಾಗುತ್ತದೆ. ಎಲ್‌ಡಿಎಲ್ ಸಾಮಾನ್ಯರಿಗೆ 100ಕ್ಕಿಂತ ಕೆಳಗೆ, ಸಕ್ಕರೆ ಅಥವಾ ಬಿಪಿ ಇದ್ದು ಅಪಾಯ ಹೆಚ್ಚಿದವರಿಗೆ 70ಕ್ಕಿಂತ ಕೆಳಗೆ, ಆಗಲೇ ಹೃದಯಾಘಾತವೋ ಲಕ್ವವೋ ಆದವರಿಗೆ 55ಕ್ಕಿಂತ ಕೆಳಗೆ ಇರಬೇಕು. ಪ್ರಯೋಗಾಲಯದ ಚೀಟಿಯಲ್ಲಿ ಪಕ್ಕಕ್ಕೆ ಅಚ್ಚಾಗಿರುವ ‘ನಾರ್ಮಲ್’ ಎಲ್ಲರಿಗೂ ಒಂದೇ. ರೋಗಿಯ ನಾರ್ಮಲ್ ಅವನದ್ದೇ. ಇದನ್ನು ನೀನು ಪೆನ್ನಿನಿಂದ ಬರೆದು ಕೊಡು.

ಲಿಪೊಪ್ರೋಟೀನ್-ಎ ಎಂಬ ಇನ್ನೊಂದು ಕೊಬ್ಬಿನ ಕಣ ಇದೆ. ಹುಟ್ಟಿನಿಂದ ಬರುವುದು, ಊಟ ಬದಲಿಸಿದರೆ ಇಳಿಯುವಂಥದ್ದಲ್ಲ. 50 ಮಿಲಿಗ್ರಾಂ ದಾಟಿದರೆ ಹೆಚ್ಚೆಂದು ಲೆಕ್ಕ, ನಮ್ಮಲ್ಲಿ ನಾಲ್ವರಲ್ಲಿ ಒಬ್ಬರಿಗೆ ಹಾಗಿದೆ ಎಂದು ಆ ಸೊಸೈಟಿಯೇ ಹೇಳುತ್ತದೆ. ಜೀವನದಲ್ಲಿ ಒಂದು ಸಲ ನೋಡಿದರೆ ಸಾಕು. ‘ಸೇದಲ್ಲ, ಕುಡಿಯಲ್ಲ, ದಿನಾ ಓಡ್ತಿದ್ದ, ಅವನಿಗ್ಯಾಕೆ ಬಂತು’ ಎಂದು ಜನ ಕೇಳುತ್ತಾರಲ್ಲ, ಕೆಲವು ಸಲ ಉತ್ತರ ಇಲ್ಲಿ ಸಿಗುತ್ತದೆ. ಈ ಪರೀಕ್ಷೆ ನಿನ್ನ ಕೇಂದ್ರದಲ್ಲಿ ಆಗುವುದಿಲ್ಲ. ಆದರೆ ಮನೆತನದಲ್ಲಿ ಗಂಡಸರಿಗೆ 55ರೊಳಗೆ, ಹೆಂಗಸರಿಗೆ 65ರೊಳಗೆ ಹೃದಯಾಘಾತ ಆಗಿತ್ತೇ ಎಂಬ ಪ್ರಶ್ನೆಗೆ ಯಂತ್ರ ಬೇಡ. ಕೇಳು, ಕೇಳಿದ್ದನ್ನು ಬರೆ.

ಹೆಂಗಸರ ಮಾತು ಬಂದಾಗ ಸ್ವಲ್ಪ ನಿಲ್ಲುತ್ತೇನೆ. ಅವರು ತಮಗಾಗಿ ಬರುವುದಿಲ್ಲ. ಅತ್ತೆಯನ್ನು ಕರೆತರುತ್ತಾರೆ, ಮಗುವನ್ನು ಎತ್ತಿಕೊಂಡು ಬರುತ್ತಾರೆ. ತಮ್ಮದು ಕೇಳಿದರೆ ‘ಸುಸ್ತು ಅಷ್ಟೇ’, ‘ಗ್ಯಾಸ್ಟ್ರಿಕ್ಕು’. ಅವರಿಗೆ ಎದೆ ಹಿಡಿದಂತಾಗದೆ ದವಡೆ ನೋಯಬಹುದು, ಬೆನ್ನು ನೋಯಬಹುದು, ಉಸಿರು ಕಟ್ಟಬಹುದು, ತಣ್ಣನೆ ಬೆವರಬಹುದು. ನಲವತ್ತು ದಾಟಿದ ಹೆಂಗಸು ಗ್ಯಾಸ್ಟ್ರಿಕ್ ಎಂದಾಗ ಒಂದು ಇಸಿಜಿ ತೆಗೆಸದೆ ಕಳಿಸಬೇಡ. ಇನ್ನೊಂದು ಇದೆ. ಗರ್ಭಿಣಿಯಾಗಿದ್ದಾಗ ಬಿಪಿ ಏರಿತ್ತೇ, ಸಕ್ಕರೆ ಬಂದಿತ್ತೇ, ಮಗು ದಿನ ತುಂಬುವ ಮೊದಲೇ ಹುಟ್ಟಿತೇ, ಮುಟ್ಟು ನಲವತ್ತರೊಳಗೇ ನಿಂತಿತೇ? ಇವೆಲ್ಲ ಮುಂದಿನ ಹೃದ್ರೋಗದ ಮುನ್ಸೂಚನೆ ಎಂದು ಈಗ ಸ್ಪಷ್ಟವಾಗಿದೆ. ಆ ಮಾಹಿತಿ ಎಲ್ಲಿದೆ ಗೊತ್ತೆ? ತಾಯಿ ಕಾರ್ಡಿನಲ್ಲಿ. ಮಗುವಿನ ಚುಚ್ಚುಮದ್ದು ಮುಗಿದ ಮೇಲೆ ಅದನ್ನು ಯಾರೂ ಕೇಳುವುದಿಲ್ಲ, ಟ್ರಂಕಿನ ತಳ ಸೇರುತ್ತದೆ. ನೀನು ಕೇಳು. ಹಳೆಯ ತಾಯಿ ಕಾರ್ಡು ತಂದು ತೋರಿಸಮ್ಮ ಎಂದು ಕೇಳುವ ಮೊದಲ ಡಾಕ್ಟರು ನೀನಾಗು.

ಪೇಟೆಯಲ್ಲಿ ‘ಮಾಸ್ಟರ್ ಚೆಕಪ್’ ಎಂದು ಮಾರುವ ಪ್ಯಾಕೇಜಿನ ಬಗ್ಗೆ ಜನ ನಿನ್ನನ್ನು ಕೇಳುತ್ತಾರೆ. ಟಿಎಂಟಿ ನಾರ್ಮಲ್ ಬಂದ ವಾರಕ್ಕೇ ಹೃದಯಾಘಾತವಾದ ಕಥೆಗಳೂ ಅವರ ಬಳಿ ಇರುತ್ತವೆ. ಅದು ಹೇಗೆ ಎಂದು ಬಿಡಿಸಿ ಹೇಳು. ಓಡಿಸಿ ನೋಡುವ ಪರೀಕ್ಷೆಗೆ ಕಾಣುವುದು ಬಹಳ ಕಿರಿದಾದ ರಕ್ತನಾಳ. ಒಡೆದು ಹೆಪ್ಪುಗಟ್ಟಿ ಪ್ರಾಣ ತೆಗೆಯುವ ಕೊಬ್ಬಿನ ಗಂಟು ಎಷ್ಟೋ ಸಲ ನಾಳವನ್ನು ಅರ್ಧವೂ ಮುಚ್ಚಿರುವುದಿಲ್ಲ. ಕ್ಯಾಲ್ಸಿಯಂ ಸ್ಕೋರ್ ಎಂಬ ಸಿಟಿ ಪರೀಕ್ಷೆ ನಡುವಯಸ್ಸಿನವರಲ್ಲಿ, ಮಾತ್ರೆ ಬೇಕೋ ಬೇಡವೋ ಎಂಬ ಅನುಮಾನ ಇದ್ದಾಗ, ಉಪಕಾರಿಯೇ. ಎಳೆಯರಲ್ಲಿ ಗಂಟು ಇನ್ನೂ ಸುಣ್ಣಗಟ್ಟಿರುವುದಿಲ್ಲ, ಅಲ್ಲಿ ಸೊನ್ನೆ ಬಂದರೂ ನಿಶ್ಚಿಂತೆ ಇಲ್ಲ. ತೊಂದರೆ ಕಾಣದ ಮನುಷ್ಯನಿಗೆ ಸಾವಿರಗಟ್ಟಲೆ ಖರ್ಚು ಮಾಡಿಸುವ ಮೊದಲು ಬಿಪಿ, ಸಕ್ಕರೆ, ಕೊಬ್ಬು, ಸೊಂಟದ ಸುತ್ತಳತೆ, ಮನೆತನ, ಹೊಗೆ ಇಷ್ಟನ್ನು ಕೂಡಿಸು. ಸುತ್ತಳತೆ ನಮ್ಮ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಒಂದು ಟೇಪಿಗೆ ಎಷ್ಟು ದುಡ್ಡು?

ಲೆಕ್ಕ ಹಾಕಿದ್ದಾಯಿತು. ಅದನ್ನು ಹೇಳುವುದು ಹೇಗೆ? ‘ನಿಮಗೆ ಶೇಕಡಾ ಹನ್ನೆರಡು ಅಪಾಯ’ ಎಂದರೆ ಒಬ್ಬರಿಗೂ ತಲೆಗೆ ಹೋಗುವುದಿಲ್ಲ. ನನಗೆ ದಾರಿ ತೋರಿಸಿದವನು ಒಬ್ಬ ತೆಂಗಿನ ತೋಟದವನು. ನಿಮ್ಮಂಥ ನೂರು ಜನರಲ್ಲಿ ಹನ್ನೆರಡು ಮಂದಿಗೆ ಹತ್ತು ವರ್ಷದೊಳಗೆ ಹೃದಯಾಘಾತವೋ ಲಕ್ವವೋ ಆಗುತ್ತದೆ, ಆ ಹನ್ನೆರಡರಲ್ಲಿ ನೀವು ಇದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ ಎಂದೆ. ಅವನು ಸ್ವಲ್ಪ ಯೋಚಿಸಿ ಅಂದ: ‘ಅಂದ್ರೆ ಕಪ್ಪುತಲೆ ಹುಳ ಇದ್ದಂಗೆ. ಯಾವ ಮರಕ್ಕೆ ಬೀಳ್ತದೋ ಗೊತ್ತಿಲ್ಲ, ಅದ್ಕೆ ಇಡೀ ತೋಟನೇ ನೋಡ್ಕೋಬೇಕು.’ ಅವತ್ತಿನಿಂದ ನಾನು ಎಲ್ಲರಿಗೂ ಹಾಗೇ ಹೇಳಿದೆ. ಅವರವರ ಕಸುಬಿನೊಳಗೇ ಆ ನೂರನ್ನು ಹುಡುಕು. ಹೇಳಿದ ಮೇಲೆ ಅವರ ಮಾತು ಕೇಳು. ಹೊಸ ಮಾರ್ಗಸೂಚಿಗಳೆಲ್ಲ ಇದನ್ನು ಒತ್ತಿ ಹೇಳುತ್ತವೆ: ತೀರ್ಮಾನ ಇಬ್ಬರೂ ಕೂಡಿ ಮಾಡಬೇಕು. ಮಾತ್ರೆ ನುಂಗುವವರು ಅವರು, ನೀನಲ್ಲ.

ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಯ ಭಯ ದೊಡ್ಡದು. ‘ಒಂದು ಸಲ ಶುರು ಮಾಡಿದ್ರೆ ಸಾಯೋವರೆಗೂ’, ‘ಕೈಕಾಲು ಹಿಡಿಯುತ್ತಂತೆ’. ಕೇಳಿಸಿಕೊಂಡು ತಳ್ಳಿಹಾಕಬೇಡ, ನೋವು ಅವರಿಗೆ ನಿಜವೇ. ಲಂಡನ್ನಿನಲ್ಲಿ 60 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯನ್ನು ಅವರಿಗೆ ಕಥೆಯಂತೆ ಹೇಳು. ಅವರೆಲ್ಲ ತೊಂದರೆಯೆಂದು ಸ್ಟಾಟಿನ್ ಬಿಟ್ಟವರು. ನಾಲ್ಕು ತಿಂಗಳು ನಿಜವಾದ ಮಾತ್ರೆ, ನಾಲ್ಕು ತಿಂಗಳು ಅದರಂತೆಯೇ ಕಾಣುವ ಔಷಧವಿಲ್ಲದ ಮಾತ್ರೆ, ನಾಲ್ಕು ತಿಂಗಳು ಖಾಲಿ ಡಬ್ಬಿ, ಮಾತ್ರೆಗಳಲ್ಲಿ ಯಾವುದು ನಿಜವೆಂದು ಗೊತ್ತಾಗದಂತೆ ತಿಂಗಳುಗಳನ್ನು ಕಲಸಿ ಕೊಟ್ಟರು. ನಿಜ ಮಾತ್ರೆಯಲ್ಲಿ ಕಂಡ ತೊಂದರೆಯ ನೂರಕ್ಕೆ ತೊಂಬತ್ತು ಪಾಲು ಔಷಧವಿಲ್ಲದ ಮಾತ್ರೆಯಲ್ಲೂ ಕಂಡಿತು. ಅದನ್ನು ತಿಳಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಮಾತ್ರೆ ಶುರು ಮಾಡಿದರು. ಎಲ್‌ಡಿಎಲ್ ಸುಮಾರು 39 ಮಿಲಿಗ್ರಾಂ ಇಳಿದರೆ ಹೃದಯಾಘಾತ, ಲಕ್ವಗಳು ಐದರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ತಗ್ಗುತ್ತವೆ. ನಿಜವಾಗಿ ಸ್ನಾಯು ನೋಯುವವರು ಕೆಲವರಿದ್ದಾರೆ, ಅವರಿಗೆ ಪ್ರಮಾಣ ತಗ್ಗಿಸು, ಬೇರೆ ಮಾತ್ರೆ ನೋಡು. ಬಿಟ್ಟುಬಿಡಿ ಎಂದು ಮಾತ್ರ ಸುಲಭಕ್ಕೆ ಹೇಳಬೇಡ.

ಇದಕ್ಕೆ ಎದುರಾದ ರೋಗವೂ ಉಂಟು. ‘ರಕ್ತ ತೆಳ್ಳಗಾಗಲಿ’ ಎಂದು ನಲವತ್ತಾದವರೆಲ್ಲ ತಾವೇ ಅಂಗಡಿಯಿಂದ ಆಸ್ಪಿರಿನ್ ತಂದು ದಿನಾ ನುಂಗುವುದು. 2018ರಲ್ಲಿ ಬಂದ ಮೂರು ದೊಡ್ಡ ಪರೀಕ್ಷೆಗಳ ಮೇಲೆ ಈ ಅಭ್ಯಾಸದ ಕಾಲ ಮುಗಿಯಿತು. ಹೃದಯಾಘಾತ ಆಗಿರುವವರಿಗೆ, ಸ್ಟೆಂಟ್ ಹಾಕಿಸಿಕೊಂಡವರಿಗೆ ಅದು ಬೇಕೇ ಬೇಕು, ಅವರದ್ದನ್ನು ಯಾರೂ ನಿಲ್ಲಿಸಬಾರದು. ಏನೂ ಆಗದವರಲ್ಲಿ, ಅದರಲ್ಲೂ ವಯಸ್ಸಾದವರಲ್ಲಿ, ಹೊಟ್ಟೆಯ ರಕ್ತಸ್ರಾವದ ಕಷ್ಟವೇ ಲಾಭವನ್ನು ತಿಂದುಹಾಕುತ್ತದೆ.

ಊಟದ ಮಾತನ್ನು ಉದ್ದ ಮಾಡುವುದಿಲ್ಲ. ದಿನಕ್ಕೆ ಐದು ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚ, ಎಲ್ಲ ಸೇರಿ. ಸಾರಿನ ಉಪ್ಪಷ್ಟೇ ಅಲ್ಲ, ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿ, ಬೇಕರಿಯ ಖಾರಾ ಬನ್ನು ಎಲ್ಲ ಅದರೊಳಗೇ ಬರಬೇಕು. ‘ಉಪ್ಪು ಕಡಿಮೆ ಮಾಡಿ’ ಎಂದು ನಾನು ಮೇಷ್ಟ್ರಿಗೆ ಹೇಳಿದ್ದು ಅರ್ಧ ಮಾತು. ಯಾವ ಉಪ್ಪು, ಎಲ್ಲಿಯ ಉಪ್ಪು ಎಂದು ಅವರ ಹೆಂಡತಿಯನ್ನು ಕೂರಿಸಿ ಕೇಳಬೇಕಿತ್ತು. ಅಡುಗೆ ಮಾಡುವವರಿಗೆ ಹೇಳದ ಪಥ್ಯ ಪಥ್ಯವಲ್ಲ.

ಹೊಗೆಸೊಪ್ಪಿನ ವಿಷಯದಲ್ಲಿ ಮಾತ್ರ ನೀನು ಎಳ್ಳಷ್ಟೂ ಸಡಿಲಿಸಬೇಡ. ಬೇಕರಿ ಮುಂದೆ ಟೀ ಜೊತೆಗೊಂದು ಸಿಗರೇಟು ಸೇದುವ ಹುಡುಗರು ಅದನ್ನು ಚಟವೆಂದೇ ಎಣಿಸುವುದಿಲ್ಲ. ‘ದಿನಕ್ಕೆ ಎರಡೇ’ ಅನ್ನುತ್ತಾರೆ. ಹೃದಯಕ್ಕೆ ಎರಡೇ ಎಂಬುದಿಲ್ಲ. ಬಿಟ್ಟ ಒಂದು ವರ್ಷಕ್ಕೆ ಹೃದ್ರೋಗದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಇಷ್ಟು ಬೇಗ ಇಷ್ಟು ಲಾಭ ಕೊಡುವ ಮಾತ್ರೆ ನಿನ್ನ ಔಷಧಿ ಕೋಣೆಯಲ್ಲಿ ಒಂದೂ ಇಲ್ಲ. ಬಿಡಲು ನೆರವು ಕೊಡುವ ರಾಷ್ಟ್ರೀಯ ಸಹಾಯವಾಣಿ 1800-11-2356, ದುಡ್ಡಿಲ್ಲದ ಕರೆ. ಅದನ್ನು ಚೀಟಿಯ ಮೇಲೆ ಬರೆದುಕೊಡು. ಪ್ರತಿ ಭೇಟಿಯಲ್ಲೂ ಕೇಳು, ಬೈಯದೆ ಕೇಳು.

ಎಷ್ಟು ಎಚ್ಚರ ವಹಿಸಿದರೂ ಒಂದು ದಿನ ಒಬ್ಬರು ಎದೆ ಹಿಡಿದುಕೊಂಡು ನಿನ್ನ ಬಾಗಿಲಿಗೆ ಬರುತ್ತಾರೆ. ಬಂದ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳ ಇಸಿಜಿಯನ್ನು ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರು ನೋಡುತ್ತಾರೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಅಲ್ಲಿ ಉಚಿತ. ನಿನ್ನ ಕೇಂದ್ರಕ್ಕೆ ಹತ್ತಿರದ ಅಂಥ ಆಸ್ಪತ್ರೆ ಯಾವುದು, 108 ಬರಲು ಎಷ್ಟು ನಿಮಿಷ, ರಾತ್ರಿ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಕೆಲಸಕ್ಕೆ ಸೇರಿದ ವಾರವೇ ತಿಳಿದುಕೋ. ಅಂಥ ಸೌಕರ್ಯ ನನ್ನ ಕಾಲದಲ್ಲಿ ಇರಲಿಲ್ಲ.

ಇನ್ನು ಒಂದೇ ಕೆಲಸ ನಿನಗೆ ಒಪ್ಪಿಸುವುದಿದೆ. ಮೇಷ್ಟ್ರು ಹೋದಾಗ ಅವರ ಮಗನಿಗೆ ಹದಿನಾಲ್ಕು. ಈಗ ಮೂವತ್ತೈದು ದಾಟಿದೆ. ತಾತ ಐವತ್ತಕ್ಕೆ, ಅಪ್ಪ ನಲವತ್ತೊಂಬತ್ತಕ್ಕೆ. ನಿನ್ನ ಕೇಂದ್ರಕ್ಕೆ ಸೇರಿದ ಹಳ್ಳಿಯಲ್ಲೇ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ, ಸಿಗರೇಟು ಸೇದುತ್ತಾನೆ ಎಂದು ಕೇಳಿದ್ದೇನೆ. ಅವನು ತಾನಾಗಿ ಬರುವುದಿಲ್ಲ. ಆಶಾ ಕಾರ್ಯಕರ್ತೆಯ ಕೈಲಿ ಹೇಳಿ ಕಳಿಸು. ಬಂದರೆ ಐದು ನಿಮಿಷ ಕೂರಿಸಿ ಬಿಪಿ ನೋಡು, ಸಕ್ಕರೆ, ಕೊಬ್ಬು ಮಾಡಿಸು, ಲಿಪೊಪ್ರೋಟೀನ್-ಎ ಪರೀಕ್ಷೆಗೆ ಹಾಸನಕ್ಕೆ ಬರೆದುಕೊಡು, ಅದರ ದುಡ್ಡು ನಾನು ಕೊಡುತ್ತೇನೆ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬರೆ. ಅವರಮ್ಮ ಇನ್ನೂ ಇದ್ದಾರೆ. ಆ ಹಾಳೆಯನ್ನು ಅವರಿಗೂ ತೋರಿಸು.